ಅಕ್ಕನ ಒಲೆಯ ಮುಂದೆ ಮೂರು ‘ನಾನು’

ನಮ್ಮ ಸೇಡಂ ಕಡೆಯ ಮನೆಗಳಲ್ಲಿ ಜೋಳದ ರೊಟ್ಟಿ ಬಡಿಯುವ ಸದ್ದು ಕೇಳಿಯೇ ಒಲೆಯ ಮುಂದೆ ಕೂತವರು ಯಾರು, ಅವರ ಸಿಟ್ಟು ಈ ಹೊತ್ತು ಯಾವ ಮಟ್ಟದಲ್ಲಿದೆ ಎಂಬುದನ್ನೆಲ್ಲ ಪಡಸಾಲೆಯಲ್ಲಿ ಕೂತವರು ಹೇಳಿಬಿಡುತ್ತಾರೆ. ಮೂವರು ತಂತಮ್ಮ ಬಾಯಿಂದಲೇ ‘ನಾನು, ನಾನು’ ಎಂದು ಹೇಳಿಕೊಳ್ಳುವ ಕಾದಂಬರಿಯೊಂದನ್ನು ಬರೆಯಹೊರಟ ನನಗೆ ಬೇಕಾಗಿದ್ದದ್ದೂ ಇಷ್ಟೇ, ಗೆಳೆಯರೇ: ಹೆಸರು ಹಾಕದಿದ್ದರೂ ಸದ್ದಿನಿಂದಲೇ ಆಳು ಗುರುತಾಗಬೇಕು. ಆಸೆಯೇನೋ ದೊಡ್ಡದು, ಆದರೆ ಯಾರ ‘ನಾನು’ ಬರೆದರೂ ನಡುವೆ ನನ್ನ ಮೂಗು ತೂರಿಕೊಳ್ಳುತ್ತಿತ್ತು.

ಕತೆ ಹೊರಗಿನದಲ್ಲ, ಮನೆಯದೇ. ಅವ್ವ ತೀರಿಕೊಂಡದ್ದು ವಾಡಿಯಲ್ಲಿ, ಸಣ್ಣಕ್ಕನ ಮನೆಯಲ್ಲಿ. ದೊಡ್ಡಕ್ಕ ಆ ದಿನ ಬಾಣಂತಿ ಮಗಳನ್ನು ನೋಡಲು ಕುಂಚಾವರಂ ಕಾಡಿನಾಚೆಯ ಹಳ್ಳಿಗೆ ಹೋಗಿದ್ದಳು. ಎಷ್ಟು ಹಚ್ಚಿದರೂ ಫೋನು ಹತ್ತಲಿಲ್ಲ. ಹಿರಿಯರು ಅವಸರ ಮಾಡಿದರು, ಹೊತ್ತು ಮುಳುಗುವುದರೊಳಗೆ ಮಣ್ಣಾಯಿತು. ಮರುದಿನ ಬಂದ ದೊಡ್ಡಕ್ಕ ತಂಗಿಯ ಅಂಗಳದಲ್ಲೇ ನಿಂತು, “ಅವ್ವನ ಮುಖಾ ನೋಡಗೊಡಲಿಲ್ಲ ನೀನು” ಎಂದವಳು, ಆಮೇಲೆ ವಾಡಿಯ ಕಡೆ ತಲೆ ಹಾಕಿಯೂ ಮಲಗಿಲ್ಲ. ಎದುರುಬದುರು ಕೂರದ ಈ ಇಬ್ಬರನ್ನು ಒಂದು ಪುಸ್ತಕದಲ್ಲಾದರೂ ಕೂರಿಸಬೇಕೆಂಬ ಹಟ ತಮ್ಮನಾದ ನನಗೆ. ಇಬ್ಬರ ಮಾತನ್ನೂ ಬೇರೆಬೇರೆಯಾಗಿ ಕೇಳಿ ಬರೆದೆ; ಮೂರನೆಯ ‘ನಾನು’ ನಾನೇ. “ಬರಿ, ಆದ್ರ ಬಾಯಿಲೆ ಯಾರಿಗೂ ಹೇಳಬ್ಯಾಡ” ಎಂದು ಸಣ್ಣಕ್ಕ ಹೇಳಿದ್ದಳು.

ಒಂದು ಮುಂಜಾನೆ ದೊಡ್ಡಕ್ಕ ಸೇಡಮ್ಮಿನ ತನ್ನ ಮನೆಗೆ ಕರೆಸಿಕೊಂಡಳು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಲೇ ಹೇಳಿದಳು: “ನಂದೇನು ಬರ್ದೀದಿ, ಓದು. ಒಂದು ಸುಳ್ಳು ಮಾತು ಕಿವಿಗಿ ಬಿತ್ತಂದ್ರ ಹಾಳಿ ಒಲಿಗಿ, ನೀ ಹೊರಗ. ಆಮ್ಯಾಲ ನನಗ ತಮ್ಮನೂ ಇಲ್ಲ.”

ಆಡಿದ ಮಾತನ್ನು ಹಿಂದೆ ತೆಗೆದುಕೊಂಡವಳಲ್ಲ ಅವಳು. ಅವಳೆದುರು ತಣ್ಣನೆಯ ಫರ್ಸಿ ಕಲ್ಲಿನ ನೆಲದ ಮೇಲೆ ಕೂತೆ. ಚೀಲದಿಂದ ಹಾಳೆ ತೆಗೆದು ಓದತೊಡಗಿದೆ: “ಅವ್ವಗ ನನಗಿಂತ ಅಕಿ ಮ್ಯಾಲೇ ಜೀವ ಭಾಳ. ಚಾಕರಿ ಮಾಡಾಕಿ ನಾನು, ನೆನಪಾಗಾಕಿ ಅಕಿ. ನಾ ಎದುರಿಗಿ ಕುಂತ್ರೂ ಅವ್ವನ ಕಣ್ಣು ಬಾಗಿಲ ಕಡೀಗೇ…”

ಅಯ್ಯೋ ದೇವರೇ! ಇವು ಸಣ್ಣಕ್ಕನ ಹಾಳೆಗಳು. ಹೆಸರು ಹಾಕದೆ ಬರೆಯುವ ನನ್ನ ಜಂಬ ನನಗೇ ಕೈಕೊಟ್ಟಿತ್ತು. ಈಗ ಹಾಳೆ ಬದಲಿಸಿದರೆ ಸಿಕ್ಕಿಬಿದ್ದ ಕಳ್ಳನಾಗುತ್ತೇನೆ, ಮುಂದೆ ಓದಿದರೆ ತಂಗಿಯ ಗುಟ್ಟು ಅಕ್ಕನ ಒಲೆಯ ಪಾಲು. ತಲೆ ಎತ್ತಿದೆ. ರೊಟ್ಟಿ ಬಡಿಯುವ ಸದ್ದು ನಿಂತಿತ್ತು, ಅಕ್ಕನ ಕಣ್ಣು ತುಂಬಿದ್ದವು.

“ಖರೇ ಅದ,” ಎಂದಳು. “ಇದು ನಾ ಯಾರ ಮುಂದೂ ಬಾಯಿ ಬಿಟ್ಟಿಲ್ಲ. ನಿನಗ ಹ್ಯಾಂಗ ಗೊತ್ತಾತು?”

ನೀವೇ ಹೇಳಿ, ಕಾದಂಬರಿಕಾರನಿಗೆ ಇದಕ್ಕಿಂತ ದೊಡ್ಡ ಸೋಲುಂಟೇ? ಇಬ್ಬರ ದನಿಯನ್ನು ಬೇರೆ ಮಾಡಲು ದಿನಗಟ್ಟಲೆ ತಿಣುಕಿದ್ದೆ, ಕೇಳಿದವಳಿಗೆ ಅದು ಅವಳದೇ ದನಿ! ಅಥವಾ, ‘ನಾನು’ ಎಂಬುದು ನಾವು ತಿಳಿದಷ್ಟು ಖಾಸಗಿ ಆಸ್ತಿಯಲ್ಲವೇನೋ; ಸಿಟ್ಟು ಒಬ್ಬೊಬ್ಬರದು ಒಂದೊಂದು ನಮೂನೆಯಾದರೂ ಅದರ ತಳದಲ್ಲಿರುವ ಸಂಕಟ ಒಂದೇ ತಾಯಿಯ ಮಕ್ಕಳದು. ಇದೆಲ್ಲ ಈಗ ಹೊಳೆಯುವ ವೇದಾಂತ. ಆಗ ಬಾಯಿಗೆ ಬಂದದ್ದು ಇಷ್ಟೇ:

“ಅಕ್ಕಾ, ಇವು ನಿನ್ನ ಹಾಳಿ ಅಲ್ಲ. ವಾಡಿ ಅಕ್ಕಂದು.”

ಹಂಚಿನ ಮೇಲಿನ ರೊಟ್ಟಿ ಸೀಯತೊಡಗಿತು, ಅವಳು ತಿರುವಲಿಲ್ಲ. ಹಿಟ್ಟು ಮೆತ್ತಿದ ಕೈ ಚಾಚಿ ಹಾಳೆಯ ಅಂಚು ಹಿಡಿದಳು. ಮುಗಿಯಿತು, ಅಂದುಕೊಂಡೆ.

“ಹತ್ರಾನೇ ಇದ್ದಾಕಿಗಿ ಹಿಂಗ್ಯಾಕ ಅನಸ್ತು?” ಎಂದಳು ಸಣ್ಣಗೆ. “ಮುಂದ ಓದು.”

ಓದಿದೆ: “ಕಡೀಕ ಅವ್ವಗ ಕಣ್ಣು ಕಾಣಲಿಲ್ಲ. ನನ್ನ ಕೈ ಹಿಡಕೊಂಡು ಅಕ್ಕನ ಹೆಸರು ಹಿಡದು, ‘ಬಂದ್ಯೇನವ್ವಾ?’ ಅಂದಳು. ನಾ ಇಲ್ಲ ಅನಲಿಲ್ಲ. ‘ಹೂಂ ಅವ್ವಾ, ನಾನೇ, ಬಂದೀನಿ’ ಅಂದೆ.”

ದೊಡ್ಡಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು, ನಾನೂ ಅತ್ತೆ. ಸೀದ ರೊಟ್ಟಿಯನ್ನು ಪಕ್ಕಕ್ಕೆ ಎಸೆದು ಅವಳು ಹೊಸ ಹಿಟ್ಟು ನಾದಿದಳು.

“ವಾಡಿಗಿ ಗಾಡಿ ಎಷ್ಟಕ್ಕದ ನೋಡು. ರೊಟ್ಟಿ ಆರೋದ್ರೊಳಗ ಮುಟ್ಟಬೇಕು.”

ಹಾಳೆಗಳನ್ನು ಎತ್ತಿಕೊಂಡು ಪಡಸಾಲೆಗೆ ಬಂದು ಕೂತೆ. ಒಳಗೆ ಮತ್ತೆ ಬಡಿತ ಸುರುವಾಯಿತು. ಅದು ದೊಡ್ಡಕ್ಕನದೋ, ಸಣ್ಣಕ್ಕನದೋ, ಅವ್ವನದೋ, ಕಣ್ಣು ಮುಚ್ಚಿ ಎಷ್ಟು ಕೇಳಿದರೂ ಹೇಳಲು ನನ್ನಿಂದಾಗಲಿಲ್ಲ.