ನಾನು ಅಳಿಸಿದ ಕಾಡಿಗಿ ಬೊಟ್ಟು

ನೀಲವ್ವಾ, ನಿನ್ನ ಮಗನ ಗಲ್ಲಕ್ಕ ನೀ ಹಚ್ಚಿದ್ದ ಕಾಡಿಗಿ ಬೊಟ್ಟನ್ನ ಫೋಟೋದಾಗ ಅಳಿಸಿದಾಂವ ನಾನು. ನೀ ಹಚ್ಚೂದು ಮರತಿರಲಿಲ್ಲ. ಒಂಬತ್ತು ವರ್ಷ ಇದೊಂದು ಮಾತು ಹೇಳದ ಕೂತೇನಿ — ಹುನಗುಂದದಾಗ ಸ್ಟುಡಿಯೋ ಇಟ್ಟುಕೊಂಡು, ಮಂದಿಗೆ ‘ಸ್ವಲ್ಪ ನಗ್ರಿ’ ಅನಕೋತ.

ಎಪ್ಪತ್ತೆಂಟರ ಬ್ಯಾಸಗಿ ಅದು. ಎರಡು ತಿಂಗಳ ಕೂಸು ಎತ್ತಿಕೊಂಡು ಕಮತಗಿಯಿಂದ ಬಸ್ಸಿಗೆ ಬಂದಿದ್ದಿ. ನಿನ್ನ ಗಂಡ ಎದುರಿನ ಚಾದಂಗಡ್ಯಾಗ ಕೂತ. ನನಗ ಕೂಸಿನ ಫೋಟೋ ಅಂದ್ರ ತಲಿಬ್ಯಾನಿ. ಲೈಟ್ ಹಚ್ಚಿದ್ರ ಅಳತಾವು, ಆರಿಸಿದ್ರ ಮಲಗತಾವು, ಎಲ್ಲಾ ಸರಿಯಾತು ಅನ್ನೂದರಾಗ ತಲಿಗೆ ಕಟ್ಟಿದ ಕುಂಚಿಗಿ ಜಾರಿ ಕಣ್ಣ ಮ್ಯಾಲ ಬರ್ತೈತಿ. ಇದರ ಮ್ಯಾಲ ತಾಯಂದಿರ ಕಾಡಿಗಿ ಬ್ಯಾರೆ. ನಿನ್ನ ಮಗ ಅತ್ತು ಅತ್ತು ಮಾರಿ ತುಂಬ ಕಾಡಿಗಿ ಮಾಡಿಕೊಂಡ. ನೀ ಸೆರಗಿನಿಂದ ಒರಸಿ, ಚೀಲದಾಗಿನ ಡಬ್ಬಿ ತಗದು, ಬಲಗಲ್ಲಕ್ಕ ಮತ್ತ ಹಚ್ಚಿದಿ, ಎಂಟಾಣೆಯಷ್ಟು ದೊಡ್ಡದು. ‘ಸಣ್ಣದು ಮಾಡವಾ’ ಅಂದೆ. ‘ಇರ್ಲಿ ಬಿಡ್ರಿ ಅಣ್ಣಾರ, ದೃಷ್ಟಿ ಆಗ್ತೈತಿ’ ಅಂದಿ. ಫೋಟೋ ತಗದ ಮ್ಯಾಲ ಕೂಸು ಮತ್ತ ಅತ್ತು ಅದೂ ಕರಗಿ ಹೋತು. ಅದನ್ನ ನೋಡಿದಾಂವ ನಾ ಒಬ್ಬನ.

ನೆಗೆಟಿವ್ ತೊಳದು ನೋಡಿದ್ರ ಫೋಟೋ ಭಾಳ ಛಲೋ ಬಂದಿತ್ತು — ಬೊಟ್ಟೊಂದು ಬಿಟ್ಟು. ಗಲ್ಲದ ಮ್ಯಾಲ ನೊಣ ಕೂತಂಗ ಕಾಣತಿತ್ತು. ನನಗ ಸಿಟ್ಟು ಬಂತು. ಪೆನ್ಸಿಲ್ ಚೂಪು ಮಾಡಿ, ಒಂದು ತಾಸು ಬಗ್ಗಿ ಕೂತು, ನೆಗೆಟಿವ್ ಮ್ಯಾಲ ಆ ಜಾಗಾ ಚುಕ್ಕಿ ಚುಕ್ಕಿ ತುಂಬಿದೆ. ಹಂಗ ತುಂಬಿದ್ರ ಪ್ರಿಂಟಿನಾಗ ಕರೀದು ಹೋಗಿ ಬೆಳ್ಳಗ ಬರ್ತೈತಿ. ಮಾರಿ ಮ್ಯಾಲಿನ ಮೊಡವಿ, ಸಿಡುಬಿನ ಕಲೆ ತಗಿಯೂ ವಿದ್ಯೆ ಅದು. ಅದರಾಗ ನನ್ನಷ್ಟು ಹುಶಾರ ಯಾರಿಲ್ಲ ಅಂತ ನನಗ ಜಂಬ. ನಿನ್ನನ್ನ ಕೇಳಲಿಲ್ಲ. ಎರಡು ದಿನ ಬಿಟ್ಟು ನಿನ್ನ ಗಂಡ ಬಂದು ಫೋಟೋ ಒಯ್ದ.

ಹದಿನೈದು ದಿನದಾಗ ಕೂಸು ವಾಂತಿ-ಭೇದಿ ಹತ್ತಿ ಹೋತು. ನಿನ್ನ ಅತ್ತಿ ಆ ಫೋಟೋ ಹಿಡಕೊಂಡು, ನಿನ್ನನ್ನೂ ಎಳಕೊಂಡು ನನ್ನ ಕಡೆ ಬಂದ್ಳು. ‘ಖರೆ ಹೇಳ್ರಿ, ಅವತ್ತ ಈಕಿ ಕೂಸಿಗೆ ಬೊಟ್ಟ ಹಚ್ಚಿದ್ಳೋ ಇಲ್ಲೋ? ಹಚ್ಚೀನಿ ಅಂತಾಳ.’ ನೀ ಅಳಲಿಲ್ಲ. ನನ್ನ ಮಾರಿ ನೋಡಕೋತ ನಿಂತಿ. ಅಂಗಡ್ಯಾಗ ನಾಕು ಮಂದಿ ಇದ್ರು. ಅಳಿಸಿದಾಂವ ನಾನು ಅಂದ್ರ ಕೂಸಿನ ಸಾವು ನನ್ನ ಕೊರಳಿಗೆ — ಮುಂದ ಯಾವ ತಾಯಿ ಈ ಮೆಟ್ಟಲಾ ಹತ್ತತಾಳ — ಅಂತ ಅಂಜಿದೆ.

‘ಫೋಟೋದಾಗ ಇದ್ದದ್ದ ಬರ್ತೈತ್ರಿ, ಯಮ್ಮಾ’ ಅಂದೆ.

ನಿನ್ನ ಅತ್ತಿ ನಿನ್ನ ಕಡೆ ತಿರುಗಿ ‘ಕೇಳಿದೇನು?’ ಅಂದ್ಳು. ನೀ ತಲಿ ಕೆಳಗ ಹಾಕಿದಿ.

ಬೊಟ್ಟಿದ್ರ ಭೇದಿ ಹತ್ತೂದಿಲ್ಲೇನು? ನಾ ಅಂತೂ ನಂಬೂದಿಲ್ಲ. ಇಷ್ಟು ವರ್ಷ ಇದನ್ನ ಹೇಳಿ ಹೇಳಿ ನನ್ನ ಮನಸ್ಸಿಗೆ ಸಮಾಧಾನ ಮಾಡೀನಿ. ಆದ್ರ ನನ್ನ ನಂಬಿಕಿ ಯಾರಿಗೆ ಬೇಕಾಗಿತ್ತು? ನಿಮ್ಮ ಮನ್ಯಾಗ ನಂಬತಾರ. ನಂಬೂ ಮನ್ಯಾಗ ನಿನ್ನನ್ನ ಕೂಸು ತಿಂದಾಕಿ ಅಂತ ಮಾಡಿಟ್ಟೆನಲ್ಲ...

ಹೋದ ವಾರ ನೀ ಮತ್ತ ಬಂದಿ, ಇಷ್ಟು ವರ್ಷಕ್ಕ ಹುಟ್ಟಿದ ಮಗಳ ಫೋಟೋ ತಗಸಾಕ. ಕೂಸು ನಿನ್ನ ಅತ್ತಿ ತೊಡಿ ಮ್ಯಾಲಿತ್ತು. ಕಾಡಿಗಿನೂ ಆಕಿನ ಹಚ್ಚಿದ್ಳು. ಕುಂಚಿಗಿ ಸರಿ ಮಾಡಾಕ ನೀ ಕೈ ಚಾಚಿದ್ರ ‘ನೀ ಸುಮ್ಮನ ಕೂಡು’ ಅಂದ್ಳು. ನೀ ಕೈ ಹಿಂದ ತಗೊಂಡು, ನನ್ನ ಕಡೆ ನೋಡಿ, ‘ಅವರದು ಖರೇನ ಐತ್ರಿ, ನಾ ಒಮ್ಮಿ ಮರತಾಕಿ’ ಅಂದಿ. ಅಯ್ಯೋ ನೀಲವ್ವಾ, ಅವತ್ತ ಅತ್ತಿಗೆ ‘ಹಚ್ಚೀನಿ’ ಅಂತ ಗಟ್ಟಿಯಾಗಿ ಅಂದಾಕಿ ನೀನು! ನಿನ್ನ ಕೈ ಮಾಡಿದ್ದನ್ನ ನೀನ ನಂಬದಂಗ ಆಗೇತಿ. ಆಗಾದ್ರೂ ನಾ ಬಾಯಿ ಬಿಡಬೇಕಿತ್ತು. ಗಿಲಕಿ ಆಡಿಸಿ ಫೋಟೋ ತಗದು ಕಳಿಸಿದೆ. ಥೂ, ನನ್ನ ಜನ್ಮಕ್ಕ.

ಹಳೇ ನೆಗೆಟಿವ್ ಹುಡುಕಿ ತಗದೇನಿ. ಓರೆ ಮಾಡಿ ಬೆಳಕಿಗೆ ಹಿಡದ್ರ ಪೆನ್ಸಿಲಿನ ಗುರುತು ಯಾರಿಗಾದ್ರೂ ಕಾಣತಾವು. ನಾಳೆ ಮುಂಜಾನಿ ಬಸ್ಸಿಗೆ ಕಮತಗಿಗೆ ಬರ್ತೇನಿ. ನಿನ್ನ ಗಂಡನ ಮುಂದ, ನಿನ್ನ ಅತ್ತಿ ಕೈಯಾಗ ಅದನ್ನ ಕೊಟ್ಟು, ನಾ ಆಡಿದ್ದು ಸುಳ್ಳು ಅಂತೇನಿ. ಬೈಲಿ, ಹೊಡೀಲಿ. ನೀ ಕ್ಷಮಾ ಮಾಡಬೇಕಂತ ಇಲ್ಲ, ನಾ ಕೇಳೂದೂ ಇಲ್ಲ. ನಿನ್ನ ಅತ್ತಿ ನಿನ್ನ ಮಗಳನ್ನ ನಿನ್ನ ಕೈಯಾಗ ಕೊಡೂತನಕ ನಿಮ್ಮ ಕಟ್ಟಿ ಬಿಟ್ಟು ಏಳೂದಿಲ್ಲ.