ಪರಸ್ಥಾನದ ಗಂಟು

ಮುಂಬಯಿ ಪ್ರವಾಸದ ಏಳು ದಿನಗಳನ್ನು ನಾನು ಇನ್ನೂರು ಪುಟದ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಬಾಗಲಕೋಟೆಯ ಸಾಲೆಯಲ್ಲಿ ನಾನು ಭೂಗೋಳದ ಮಾಸ್ತರ. ಮಕ್ಕಳಿಗೆ ಸಮುದ್ರದ ಪಾಠ ಮಾಡುವವನು ಸಮುದ್ರವನ್ನೇ ಕಂಡಿಲ್ಲವೆಂಬ ಸಂಕೋಚ ಒಳಗೊಳಗೇ ಕೊರೆಯುತ್ತಿತ್ತು. ಹೋದರೆ ಒಂದೂ ಬಿಡದೆ ನೋಡಿ ಬರಬೇಕು ಎಂಬ ಹಟ ಹುಟ್ಟಿದ್ದು ಅಲ್ಲಿಂದಲೇ. ಸೋಮವಾರ ಗೇಟ್‌ವೇ, ಮಂಗಳವಾರ ರಾಣಿಬಾಗ್, ಬುಧವಾರ ಚೌಪಾಟಿ. ಸೊಲ್ಲಾಪುರದಲ್ಲಿ ಗಾಡಿ ಬದಲಿಸುವಾಗ ಯಾರು ಯಾವ ಚೀಲ ಹಿಡಿಯಬೇಕು, ಮಗಳ ಕೈ ಯಾರು ಹಿಡಿಯಬೇಕು ಎಂಬುದನ್ನೂ ಬರೆದಿದ್ದೆ. ಮನೆಯಲ್ಲಿದ್ದವರು ಅವ್ವ, ನಾನು, ಹೆಂಡತಿ, ಆರು ವರ್ಷದ ಮಗಳು. ನಾಲ್ಕು ಜನಕ್ಕೆ ನಾನು ದಂಡಯಾತ್ರೆಯ ತಯಾರಿ ನಡೆಸಿದ್ದೆ.

ಅವ್ವನಿಗೆ ಗೇಟ್‌ವೇ ಬೇಕಿರಲಿಲ್ಲ, ಸಮುದ್ರವೂ ಬೇಕಿರಲಿಲ್ಲ. ಅವಳಿಗೆ ಬೇಕಿದ್ದದ್ದು ಅವಳ ಅಕ್ಕ. ದೊಡ್ಡಪ್ಪ ಬಟ್ಟೆ ಗಿರಣಿಯ ಕೆಲಸಕ್ಕೆಂದು ಹೋಗಿ ಪರೇಲ್‌ನ ಒಂದು ಚಾಳದಲ್ಲಿ ನೆಲೆಸಿದ್ದ. ದೊಡ್ಡವ್ವನಿಗೆ ದಮ್ಮು, ಮಾಳಿಗೆಯಿಂದ ಕೆಳಗೆ ಇಳಿಯುವುದೇ ಕಷ್ಟ. ಅಕ್ಕತಂಗಿಯರು ಒಬ್ಬರ ಮುಖ ಒಬ್ಬರು ನೋಡಿ ಹನ್ನೆರಡು ವರ್ಷವಾಗಿತ್ತು. ಅವ್ವನಿಗೆ ಓದು ಬರುತ್ತಿರಲಿಲ್ಲ. ನನ್ನ ನೋಟುಬುಕ್ಕನ್ನು ಸೊಸೆಯಿಂದ ಓದಿಸಿಕೊಂಡಳು. ಗುರುವಾರ ಮಧ್ಯಾಹ್ನ, ದೊಡ್ಡವ್ವನ ಮನೆ, ಎರಡು ತಾಸು.

“ಎರಡ ತಾಸೇನೋ ತಮ್ಮಾ? ಚಾ ಕುಡಿಯೂದರಾಗ ಮುಗದ ಹೋಗತೈತಲ್ಲೋ.”

“ಮತ್ತೇನ್ ದಿನಾಪೂರ್ತಿ ಕುಂತು ಅಳಾವ್ರೇನು ಇಬ್ಬರೂ?” ಎಂದೆ.

ಹೆಂಡತಿ ನನ್ನನ್ನು ದುರುಗುಟ್ಟಿ ನೋಡಿದಳು. ಅವ್ವ ಮಾತ್ರ ನಕ್ಕಳು. ಆಡಿದ ಮಾತನ್ನು ವಾಪಸು ನುಂಗಲು ಬರುವಂತಿದ್ದರೆ ನಾನು ಮೊದಲು ನುಂಗುವುದು ಅದನ್ನೇ.

ಬೇಸಿಗೆಯಲ್ಲಿ ಪರೀಕ್ಷೆಯ ಕೆಲಸವೆಲ್ಲ ಮುಗಿದು ನನಗೆ ರಜೆಯೆಂದು ಉಳಿಯುವುದು ಒಂದೇ ವಾರ; ಆ ಭಾನುವಾರ ಹೊರಡುವುದೆಂದಾಯಿತು. ಪಂಚಾಂಗ ನೋಡಿದ ಅಯ್ಯನವರು ಭಾನುವಾರ ಬೇಡ, ಗುರುವಾರ ಒಳ್ಳೆಯದು ಎಂದರು. ನನ್ನ ರಜೆ ಗುರುವಾರಕ್ಕೆ ಶುರುವಾಗುತ್ತಿರಲಿಲ್ಲ. ಅದಕ್ಕೂ ನಮ್ಮ ಕಡೆ ದಾರಿಯಿದೆ. ಒಳ್ಳೆಯ ದಿನ ಒಂದು ಗಂಟು ಕಟ್ಟಿ ಬೇರೆಯವರ ಮನೆಯಲ್ಲಿ ಇಟ್ಟುಬಿಟ್ಟರೆ ಪ್ರಯಾಣ ಆ ದಿನವೇ ಶುರುವಾದಂತೆ. ಆಮೇಲೆ ಯಾವಾಗ ಹೊರಟರೂ ದೋಷವಿಲ್ಲ. ಇದಕ್ಕೆ ಪರಸ್ಥಾನ ಎನ್ನುತ್ತೇವೆ. ಅವ್ವ ಗುರುವಾರ ಬೆಳಿಗ್ಗೆ ಗಂಟು ಕಟ್ಟಿದಳು. ಇಳಕಲ್ಲಿಗೆ ಹೋಗಿ ತಾನೇ ಆರಿಸಿ ತಂದ ಕೆಂಪು ಸೆರಗಿನ ಸೀರೆ, ಗುಳೇದಗುಡ್ಡದ ಎರಡು ಖಣ, ಒಂದು ಡಬ್ಬಿ ಶೇಂಗಾ ಹೋಳಿಗೆ. ಎಲ್ಲವೂ ಅಕ್ಕನಿಗೆ. ಗಂಟನ್ನು ಪಕ್ಕದ ಮನೆಯ ಜಗಲಿಕೋಣೆಯಲ್ಲಿಟ್ಟು ಬಂದಳು.

ಶುಕ್ರವಾರ ಸಾಲೆಯಿಂದ ಚೀಟಿ ಬಂತು. ಆ ವಾರದಲ್ಲೇ ಮೂರು ದಿನ ಮಾಸ್ತರರಿಗೆ ತರಬೇತಿ, ತಪ್ಪಿಸುವಂತಿಲ್ಲ. ಏಳು ದಿನ ಹೋಗಿ ನಾಲ್ಕು ಉಳಿದವು.

“ನಾಕ ದಿನಾನ ಹೋಗಿ ಬರೂಣಲ್ಲೋ. ನನಗ ಒಂದ ದಿನ ಸಾಕು,” ಎಂದಳು ಅವ್ವ.

“ಏಳ ದಿನದ್ದು ನಾಕ ದಿನದಾಗ ಹೆಂಗ ತುರುಕಲಿ? ದೀಪಾವಳಿ ಸೂಟ್ಯಾಗ ಹೋದರಾತು. ಮುಂಬಯಿ ಏನ್ ಓಡಿ ಹೋಗತೈತೇನು?”

ಮುಂಬಯಿ ಓಡಿಹೋಗಲಿಲ್ಲ, ಇದ್ದಲ್ಲೇ ಇತ್ತು. ನಾನು ಹೇಳಿದ್ದರಲ್ಲಿ ಅದೊಂದೇ ನಿಜವಾಯಿತು.

ಹೊರಟ ಗಂಟನ್ನು ಹೊರಳಿ ಮನೆಗೆ ತರಬಾರದು. ಅದು ಅಲ್ಲೇ ಉಳಿಯಿತು, ನಾನು ಮರೆತೆ. ಆ ಮಳೆಗಾಲವೆಲ್ಲ ನೋಟುಬುಕ್ಕಿನಲ್ಲಿ ಮುಂಬಯಿಯ ನಕಾಶೆ ಬಿಡಿಸಿ ಬಣ್ಣ ತುಂಬಿದೆ. ಮಳೆ ನಿಂತ ಮೇಲೆ ದೋಣಿ ನಡೆಯುತ್ತದೆಂದು ಎಲಿಫೆಂಟಾ ಸೇರಿಸಿದೆ. ಗುರುವಾರದ ಎರಡು ತಾಸನ್ನು ಒಂದೂವರೆಗೆ ಇಳಿಸಿದ್ದೂ ಆಗಲೇ. ಅವ್ವ ಆಗೀಗ ಶೇಂಗಾ ಹುರಿದು ಕುಟ್ಟುತ್ತಿದ್ದಳು. ಯಾರಿಗೆಂದು ಕೇಳಿದರೆ “ಯಾರಿಗರೆ ಆಗತೈತಿ” ಎನ್ನುತ್ತಿದ್ದಳು. ಮೊಣಕಾಲು ನೋವೆಂದು ಸಂತೆಗೂ ಬಾರದವಳು ಕೆಲವು ಮಧ್ಯಾಹ್ನ ಮನೆಯಲ್ಲಿರುತ್ತಿರಲಿಲ್ಲ. ಎಲ್ಲಿ ಹೋಗುತ್ತಾಳೆಂದು ಕೇಳುವಷ್ಟು ಪುರುಸೊತ್ತು ನನಗಿರಲಿಲ್ಲ.

ದಸರೆ ಕಳೆದ ವಾರ ದೊಡ್ಡಪ್ಪನ ಕಾರ್ಡು ಬಂತು. ಸಾವಿನ ಸುದ್ದಿಯದೆಂದು ಮೂಲೆ ಹರಿದ ಕಾರ್ಡು. ಅವ್ವನಿಗೆ ಓದು ಬರದಿದ್ದರೇನು, ಹರಿದ ಮೂಲೆ ಗೊತ್ತಾಗುತ್ತಿತ್ತು. ತಣ್ಣೀರು ಸುರಿದುಕೊಂಡು ಗೋಡೆಗೆ ಮುಖ ಮಾಡಿ ಮಲಗಿದಳು. ಮೂರನೆಯ ದಿನ ಎದ್ದು ಕುಳಿತು ಹೇಳಿದಳು: “ಆ ಗಂಟು ತಂದಬಿಡು ತಮ್ಮಾ. ಇನ್ನ ಎಲ್ಲಿಗೆ ಹೋಗೂದೈತಿ.”

ಪಕ್ಕದ ಮನೆಗೆ ಹೋದೆ. ಅಲ್ಲಿಯ ಮುದುಕಿ ನನ್ನನ್ನೇ ನೋಡಿದಳು. “ನಮ್ಮಲ್ಲೆಲ್ಲಿ ಐತ್ರೀ ಮಾಸ್ತರ್ರ? ಪರಸ್ಥಾನ ಹತ್ತ ದಿನಕ್ಕ ಹಳೇದಾಗತೈತಿ, ಹಿಂದಕ್ಕ ತರೂದಲ್ಲ, ಮುಂದಕ್ಕ ಇಡಬೇಕು ಅಂತ ನಿಮ್ಮವ್ವಾರು ಸಿಂಪಿಗ್ಯಾರ ಮನ್ಯಾಗ ಒಯ್ದು ಇಟ್ಟರಲ್ರೀ.”

ದರ್ಜಿಯ ಮನೆಯಲ್ಲಿ ಇರಲಿಲ್ಲ, ಮುಂದೆ ಬಡಿಗೇರ ಮನೆಗೆ ಹೋಗಿತ್ತು. ಅಲ್ಲಿಂದ ಹಿಟ್ಟಿನ ಗಿರಣಿಯವರ ಮನೆಗೆ, ಅಲ್ಲಿಂದಲೂ ಮುಂದಕ್ಕೆ. ಪ್ರತಿ ಮನೆಯವರೂ ಮುಂದಿನ ಮನೆಗೆ ಕೈ ತೋರಿಸಿದರು. ಆ ಕೈಗಳೆಲ್ಲ ಒಂದೇ ದಿಕ್ಕಿಗೆ ಚಾಚಿವೆಯೆಂದು ಗಿರಣಿ ದಾಟಿದ ಮೇಲೆ ನನಗೆ ಹೊಳೆಯಿತು. ಭೂಗೋಳದ ಮಾಸ್ತರ ನಾನು! ಕೊನೆಯ ಮನೆ ರೈಲ್ವೆ ಗೇಟು ಕಾಯುವವನದು. ಅಂಗಳದಲ್ಲಿ ನಿಂತರೆ ಸ್ಟೇಶನ್ನಿನ ಪ್ಲಾಟ್‌ಫಾರ್ಮು ಕಾಣುತ್ತಿತ್ತು.

ಗಂಟು ಅಲ್ಲಿತ್ತು. ಗೇಟಿನವನ ಹೆಂಡತಿ ಅದನ್ನು ನನ್ನ ಕೈಗಿಟ್ಟಳು. “ಸೊಲ್ಲಾಪುರ ಗಾಡಿ ಬರೂ ಹೊತ್ತಿಗೆ ಬಂದು ಇಲ್ಲೇ ಕಟ್ಟಿಮ್ಯಾಲೆ ಕುಂದರತಿದ್ರು. ಡಬ್ಬ್ಯಾಗಿನ ಹಳೇ ಹೋಳಿಗಿ ನಮ್ಮ ಹುಡುಗರಿಗೆ ಕೊಟ್ಟು ಹೊಸಾವು ಇಡತಿದ್ರು. ‘ಇಲ್ಲಿಂದ ಮುಂದ ಇಡಾಕ ಮನಿ ಇಲ್ಲವ್ವಾ, ಇನ್ನ ಗಾಡ್ಯಾಗ ಇಡೂದ’ ಅಂತಿದ್ರು.”

ಡಬ್ಬಿ ತೆರೆದು ನೋಡಿದೆ. ಹೋಳಿಗೆ ಗರಿಗರಿಯಾಗಿದ್ದವು, ಮಾಡಿ ಎಂಟು ದಿನವೂ ಆಗಿರಲಿಲ್ಲ. ಅವಳು ಐದು ತಿಂಗಳು ಮುಂಬಯಿಗೆ ಹೊರಟೇ ಇದ್ದಳು. ನಾನು ಬಣ್ಣ ತುಂಬುತ್ತ ಕೂತಿದ್ದೆ. ಆ ಕಟ್ಟೆಯ ಮೇಲೆ ನಾನೂ ಸ್ವಲ್ಪ ಹೊತ್ತು ಕೂತು ಅತ್ತೆ. ಆಮೇಲೆ ಗಂಟು ಹಿಡಿದು ಅವೇ ಮನೆಗಳ ಮುಂದೆ ಹಾದು ಹಿಂದಕ್ಕೆ ನಡೆದೆ.

ಅವ್ವ ಗಂಟು ಬಿಚ್ಚಿ ಸೀರೆಯನ್ನು ಪೆಟ್ಟಿಗೆಯಲ್ಲಿಟ್ಟಳು. ಮೊಮ್ಮಗಳಿಗೊಂದು ಹೋಳಿಗೆ ಕೊಟ್ಟಳು, ನನಗೂ ಒಂದು ಕೊಟ್ಟಳು. ನಾನು ಅದನ್ನು ತಿನ್ನದೆ ಹಿಡಿದೇ ನಿಂತದ್ದನ್ನು ನೋಡಿ ಬೆನ್ನು ಸವರಿದಳು.

“ಎರಡ ತಾಸು ಸಾಕಾಗತಿತ್ತು ಬಿಡು, ತಮ್ಮಾ,” ಎಂದಳು.