ಹಂಚಿಹುಲ್ಲಿನ ದಿಬ್ಬಕ್ಕೆ ಹಾಜಿರಾ ಬೀ ಕಾವಲು

ಹೊತ್ತು ಮೂಡುವ ಮೊದಲೇ ಹಾಜಿರಾ ಬೀ ದಿಬ್ಬದ ಮೇಲಿದ್ದಾರೆ. ಸೀರೆಯ ಮೇಲೆ ಗಂಡನ ಹಳೆಯ ಅಂಗಿ, ಅಂಗೈಗೆ ಸುತ್ತಿದ ಬಟ್ಟೆ. ಹಂಚಿಹುಲ್ಲಿನ ಬುಡದ ಮುಂದೆ ಕುಕ್ಕರಗಾಲಲ್ಲಿ ಕೂತು, ತೆನೆ ಬಿಟ್ಟ ಕಡ್ಡಿಗಳನ್ನಷ್ಟೇ ಆರಿಸಿ ಸರ್ರನೆ ಎಳೆಯುತ್ತಾರೆ. ಕಡ್ಡಿ ಕೈಗೆ ಬರುತ್ತದೆ, ಬುಡ ಅಲುಗುವುದಿಲ್ಲ. ನನ್ನ ಹೆಜ್ಜೆಯ ಸದ್ದು ಕೇಳಿದ್ದೇ ತಡ, ಎಳೆದ ಹಿಡಿಯನ್ನು ಬೆನ್ನ ಹಿಂದೆ ಸರಿಸುತ್ತಾರೆ.

“ಯಾವ ಆಫೀಸಿನೋರ್ರಿ ನೀವು?”

ಹಿಂದಿನ ದಿನವಷ್ಟೇ ಹಗರಿಬೊಮ್ಮನಹಳ್ಳಿಯ ಅವರ ಮನೆಯಲ್ಲಿ ಚಹಾ ಕುಡಿದು, ಪತ್ರಿಕೆಗೆ ಬರೆಯಲು ಬರುತ್ತೇನೆಂದು ಹೇಳಿ ಬಂದವನು ನಾನು. ಅದನ್ನು ನೆನಪಿಸುತ್ತೇನೆ. “ಬರ್ರಿ ಅಂದಿದ್ದು ಖರೇ. ಆದ್ರ ಪೇಪರಿನೋರಿಗೆ ಹುಲ್ಲಿನ ಕೂಡ ಏನು ಕೆಲಸ ಅಂತ ರಾತ್ರಿಯೆಲ್ಲಾ ವಿಚಾರ ಮಾಡೀನಿ” ಎನ್ನುತ್ತಾರೆ. ಕೊನೆಗೆ ಒಂದು ಕರಾರು: “ನನ್ನ ಹೆಸರು ಹಾಕ್ರಿ, ದಿಬ್ಬದ ಹೆಸರು ಹಾಕಬ್ಯಾಡ್ರಿ.” ಹಾಗಾಗಿ ಇದು ಹಗರಿಬೊಮ್ಮನಹಳ್ಳಿಗೂ ಕೂಡ್ಲಿಗಿಗೂ ನಡುವೆ ಎಲ್ಲೋ ಇದೆ ಎಂದಷ್ಟೇ ಬರೆಯುತ್ತೇನೆ. ಎಲೆಮರೆಯ ಕಾಯಿಗಳನ್ನು ಹುಡುಕಿಕೊಂಡು ಊರೂರು ಅಲೆದಿದ್ದೇನೆ. ತನಗೆ ಮರೆಯೇ ಬೇಕೆಂದು ಹಟ ಹಿಡಿದ ಕಾಯಿ ಇದೇ ಮೊದಲು.

ಹಾಜಿರಾ ಬೀ ಕಸಬರಿಗೆ ಕಟ್ಟುವವರು. ಅತ್ತೆಯಿಂದ ಬಂದ ಕಸುಬು. ಇವರು ಕಡ್ಡಿ ತಂದು, ಬಂಡೆಗೆ ಬಡಿದು ತೆನೆಯ ಊಬು ಉದುರಿಸಿಕೊಟ್ಟರೆ, ಗಂಡ ಖಾಸಿಂ ಸಾಬ್ ಬಿಗಿದು ಕಟ್ಟುತ್ತಾರೆ. ಪ್ಲಾಸ್ಟಿಕ್ ಕಸಬರಿಗೆ ಬಂದ ಮೇಲೆ ಸಂತೆಯಲ್ಲಿ ಕೇಳುವವರು ಕಡಿಮೆ. ಆದರೂ ಮಣ್ಣಿನಂಗಳಕ್ಕೆ, ಕಣಕ್ಕೆ, ದನದ ಕೊಟ್ಟಿಗೆಗೆ ಇದೇ ಆಗಬೇಕು ಎನ್ನುವವರು ಇನ್ನೂ ಇದ್ದಾರೆ. ದಿಬ್ಬ ವೀರಭದ್ರಯ್ಯ ಎಂಬ ರೈತರದು, ನೇಗಿಲು ಇಳಿಯದ ಗರಸು ನೆಲ. ಅವರ ಮನೆಗೆ ವರ್ಷಕ್ಕಾಗುವಷ್ಟು ಕಸಬರಿಗೆ ಕೊಟ್ಟರೆ ಹುಲ್ಲು ಇವರದು.

ಈ ಹಂಚಿ ಒಂದೇ ಮಳೆಗಾಲ ಬಾಳಿ ಹೋಗುವ ಹುಲ್ಲಲ್ಲ. ಬೇಸಗೆಯಲ್ಲಿ ಮೇಲೆಲ್ಲ ಸತ್ತಂತೆ ಕಂಡರೂ ಬುಡ ಜೀವ ಹಿಡಿದಿರುತ್ತದೆ. ಮುಂಗಾರು ಹನಿ ಬಿದ್ದೊಡನೆ ಅಲ್ಲಿಂದಲೇ ಚಿಗುರುತ್ತದೆ. ಬೇರು ಗರಸಿನ ಸಂದಿಗಿಳಿದು, ಇದ್ದಷ್ಟು ಮಣ್ಣನ್ನು ಹಿಡಿದಿಟ್ಟುಕೊಳ್ಳುತ್ತದೆ. ಬೀಜದ ತುದಿಗೆ ಕೂದಲಿನಂಥ ಮೂರು ಎಳೆ ಊಬು. ಸೀರೆಯಂಚೋ ಕುರಿಯ ಉಣ್ಣೆಯೋ, ಸಿಕ್ಕಿದ್ದಕ್ಕೆ ಅಂಟಿಕೊಂಡು ಪುಕ್ಕಟೆ ಪ್ರಯಾಣ ಮಾಡುತ್ತದೆ.

ಜಗಳ ಶುರುವಾದದ್ದು ಆ ಕುರಿಗಳಿಂದಲೇ. ಕೆಲವು ವರ್ಷಗಳ ಹಿಂದೆ ಮಳೆ ಕೈಕೊಟ್ಟು ಕಡ್ಡಿ ಕಡಿಮೆ ಬಂತು. ಹಾಜಿರಾ ಬೀ ಮಳೆಯನ್ನು ಬಿಟ್ಟು, ಪ್ರತಿ ವರ್ಷ ಅಲ್ಲಿ ಮೇಯಿಸುತ್ತಿದ್ದ ಕುರಿಗಾರ ಬೆನಕಪ್ಪನನ್ನು ಅನುಮಾನಿಸಿದರು. ದಿಬ್ಬದ ಬಹುಪಾಲಿಗೆ ಜಾಲಿಮುಳ್ಳಿನ ಬೇಲಿ ಬಿತ್ತು. ಆಮೇಲೆ ಮಳೆ ಚೆನ್ನಾಗಿಯೇ ಆಯಿತು, ಕಡ್ಡಿ ಮಾತ್ರ ವರ್ಷದಿಂದ ವರ್ಷಕ್ಕೆ ಇಳಿಯುತ್ತಲೇ ಹೋಯಿತು. ಬೇಲಿ ಸರಿಸಿ ಕುರಿ ನುಗ್ಗಿಸುತ್ತಾನೆಂದು ಸಂತೆಯಲ್ಲಿ ನಿಂತು ನಾಲ್ಕು ಜನರ ಮುಂದೆ ಅಂದೇಬಿಟ್ಟರು. ಬೆನಕಪ್ಪ ಮಾತು ಬಿಟ್ಟ.

ಈ ಸಲ ದಸರೆಯಾದ ಮೇಲೆ ಕಳ್ಳನನ್ನು ಕೈಯಾರೆ ಹಿಡಿಯಲು ನಸುಕಿಗೇ ಬಂದು ಬಂಡೆಯ ಮರೆಯಲ್ಲಿ ಕಾದರು. ಬೆಳಗಿನ ಮೇಲೆ ಬೆಳಗು ಕಳೆದರೂ ಒಂದು ನರಪಿಳ್ಳೆ ಸುಳಿಯಲಿಲ್ಲ.

“ಕಾಲು ಜೋಮು ಹಿಡೀತ್ರಿ. ಏಳಾಕಂತ ಒಂದು ಬುಡದ ಮ್ಯಾಲ ಕೈ ಊರಿದೆ, ಮಣಿಕಟ್ಟಿನ ತನಕ ಒಳಗ ಹೋತು. ನಡುವ ಬರೇ ಬೂದಿಯಂಗ ಐತಿ, ಅಂಚಿಗೆ ಅಷ್ಟ ಹಸರು. ಇನ್ನೊಂದು ನೋಡಿದೆ, ಅದೂ ಹಂಗ. ಬೇಲಿ ಹೊರಗ ಬೆನಕಪ್ಪನ ಕುರಿ ಅಡ್ಡಾಡೋ ಕಡಿ ನೋಡ್ತೀನಿ, ಬುಡ ದುಂಡಗ ಅದಾವ, ತುಂಬ ಕಡ್ಡಿ! ಬೇಲಿ ಹಾಕಿದಾಕಿ ನಾನ ಅಲ್ಲೇನ್ರಿ.”

ಯಾರೂ ಮೇಯದ ಹಳೆಯ ಎಲೆ ವರ್ಷ ವರ್ಷವೂ ಬುಡದ ಮೇಲೇ ಕವುಚಿ, ಬಿಸಿಲು ತಾಗದೆ ಒಳಚಿಗುರು ಕಮರಿತ್ತು. ಕುರಿ ಎಳೆ ಎಲೆ ಕಚ್ಚಿದಷ್ಟೂ ಬುಡಕ್ಕೆ ಬೆಳಕು ಬಿದ್ದು ಹೊಸ ಮೊಳಕೆ ಏಳುತ್ತದೆ. ಊಬು ಬಂದ ಕಡ್ಡಿಗೆ ಕುರಿ ಬಾಯಿಯೇ ಹಾಕುವುದಿಲ್ಲ, ಊಬು ಚುಚ್ಚುತ್ತದೆ. ಕಳ್ಳನಿಗೆಂದು ಹಾಕಿದ ಬೇಲಿಯೇ ಕಳ್ಳತನ ಮಾಡಿತ್ತು. “ಈ ದಿಬ್ಬ ಹೋದ್ರ ನನಗ ಇನ್ನೊಂದು ದಿಬ್ಬ ಇಲ್ರಿ” ಎನ್ನುವಾಗ ಹಾಜಿರಾ ಬೀ ದನಿ ಇಳಿಯುತ್ತದೆ.

ವೀರಭದ್ರಯ್ಯನವರ ಮೂಲಕ ಬೆನಕಪ್ಪನಿಗೆ ಹೇಳಿಕಳಿಸಿದ್ದಾರೆ. ಇವತ್ತು ಬರಬೇಕು. ಬಿಸಿಲೇರುವ ಹೊತ್ತಿಗೆ ಹಾಜಿರಾ ಬೀ ಕೋಲಿನಿಂದ ಮುಳ್ಳು ಸರಿಸಿ ದಾರಿ ಮಾಡಿದ್ದಾರೆ. ಹಿಂಡು ಬರುತ್ತದೆ. ಬೆನಕಪ್ಪ ಬೇಲಿಯ ಹೊರಗೇ ಗಕ್ಕನೆ ನಿಲ್ಲುತ್ತಾನೆ. ನನ್ನನ್ನು ಮೇಲಿಂದ ಕೆಳಗೆ ನೋಡುತ್ತಾನೆ.

“ಇವ್ರು ಯಾರು? ಸಾಕ್ಷಿಗೆ ಕರಕಂಡು ಬಂದೀಯೇನು?”

“ಪೇಪರಿನೋರಂತ. ಅವ್ರಾಗೇ ಬಂದಾರ. ಒಳಗ ಬಾ ತಮ್ಮಾ.”

“ಇವತ್ತು ಬಾ ಅಂತೀ, ನಾಳಿ ಬೆನಕಪ್ಪನ ಕುರಿ ಎಲ್ಲಾ ಮೇದ್ವು ಅಂತೀ. ನಾನೊಲ್ಲೆ.”

“ತಪ್ಪಾತಪ್ಪ. ಬಾಯಿಗೆ ಬಂದಂಗ ಅಂದ್ಬಿಟ್ಟೆ.”

“ಸಂತ್ಯಾಗ ಅಂದಿದ್ದು ಸಂತ್ಯಾಗ ಹೇಳಬೇಕು.”

ಹಾಜಿರಾ ಬೀ ಸೆರಗು ಸರಿಮಾಡಿಕೊಳ್ಳುತ್ತಾರೆ. “ಹೇಳ್ತೀನಿ. ಅಷ್ಟೂ ಮಂದಿ ಮುಂದ ಹೇಳ್ತೀನಿ.”

ಇವರ ಮಾತು ಮುಗಿಯುವವರೆಗೆ ಕಾಯುವ ಜಾತಿ ಕುರಿಯದಲ್ಲ. ಮುಂದಿನದೊಂದು ಒಳಗೆ ನುಗ್ಗಿದ್ದೇ, ಹಿಂಡೆಲ್ಲ ಅದರ ಹಿಂದೆ. ಒಣ ಎಲೆ ಗೊರಸಿನಡಿ ಚರಚರ ಮುರಿಯುತ್ತದೆ. ಬೆನಕಪ್ಪ ಬಗ್ಗಿ ಒಂದು ಬುಡ ಬಿಡಿಸಿ ನೋಡುತ್ತಾನೆ. “ಬೇಲಿ ಎದ್ದು ಹೊಲ ಮೇಯ್ತು ಅಂತಾರಲ್ಲ, ಇಲ್ಲಿ ಖರೇನ ಮೇದೈತಿ ನೋಡಕ್ಕಾ” ಎನ್ನುತ್ತಾನೆ. ಆ ‘ಅಕ್ಕಾ’ ಕೇಳಿ ಹಾಜಿರಾ ಬೀ ಒಂದು ಗಳಿಗೆ ಆಚೆ ತಿರುಗಿಕೊಳ್ಳುತ್ತಾರೆ. ಆದರೂ ಆತ ಮುಂದೆ ಹೋದೊಡನೆ ನನ್ನ ಕಿವಿಯಲ್ಲಿ ಹೇಳುತ್ತಾರೆ: “ಒಳ್ಳೇಂವ ಅದಾನ. ಆದ್ರೂ ಒಂದು ಕಣ್ಣು ಇಟ್ಟಿರ್ತೀನ್ರಿ.”

ನಾನು ಹೊರಡಲು ಏಳುತ್ತೇನೆ. ತಕ್ಷಣ ಅವರ ದೃಷ್ಟಿ ನನ್ನ ಪ್ಯಾಂಟಿನ ಅಂಚಿಗೆ ಬೀಳುತ್ತದೆ. ಅಲ್ಲಿ ಹಂಚಿಯ ಬೀಜ ಒತ್ತಾಗಿ ಅಂಟಿದೆ.

“ಎಲ್ಲಿಗೆ ಹೊಂಟ್ರಿ ನಮ್ಮ ಬೀಜ ತಗಂಡು? ಕುಂದರ್ರಿ ಇಲ್ಲಿ.”

ಬಂಡೆಯ ಮೇಲೆ ಕೂರಿಸಿ, ಒಂದೊಂದೇ ಕಿತ್ತು ಬೂದಿಯಾದ ಬುಡಗಳ ಪಕ್ಕಕ್ಕೆ ಎಸೆಯತೊಡಗುತ್ತಾರೆ. ಅಷ್ಟರಲ್ಲಿ ಬೆನಕಪ್ಪನ ಒಂದೆರಡು ಕುರಿ ಬೇಲಿ ದಾಟಿ ಇಳಿಜಾರಿನತ್ತ ಓಡುತ್ತವೆ, ಉಣ್ಣೆಯ ತುಂಬ ಬೀಜ. ಹಾಜಿರಾ ಬೀ ಕೂಗಲು ಬಾಯಿ ತೆರೆಯುತ್ತಾರೆ. ಕೂಗುವುದಿಲ್ಲ. ನನ್ನ ಪ್ಯಾಂಟಿನ ಅಂಚನ್ನೂ ಬಿಡುತ್ತಾರೆ.

“ಇರ್ಲಿ ಬಿಡ್ರಿ, ನೀವೂ ಒಯ್ಯಿರಿ. ಎಲ್ಲಿ ಉದುರಿ ಹುಟ್ಟಿದ್ರೂ ಅದು ನನ್ನ ದಿಬ್ಬದ್ದ.”